ಚುಕ್ಕಪ್ಪನ ಉಪವಾಸ

ನೀಲಗಂಗಮ್ಮನವರಿಗೆ ಕೂರುವುದೊಂದು ಬಿಟ್ಟು ಉಳಿದದ್ದೆಲ್ಲ ಬರುತ್ತಿತ್ತು. ಮೂಡಲಪಾಳ್ಯದ ಅವರ ಮನೆಯಲ್ಲಿ ಸೋಫಾ ಇತ್ತು, ದಿವಾನ ಇತ್ತು, ಬೆತ್ತದ ಕುರ್ಚಿಗಳಿದ್ದವು, ಅವೆಲ್ಲ ಬೇರೆಯವರಿಗೆ. ಇವರು ನಿಂತೇ ಕಾಫಿ ಕುಡಿಯುವವರು, ನಿಂತೇ ಧಾರಾವಾಹಿ ನೋಡುವವರು. ಫೋನು ಬಂದರೆ ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಿತ್ತಲಿಗೆ ಓಡಾಡಿಕೊಂಡೇ ಮಾತು. "ಹೊಸದುರ್ಗದವರು ಇವಳ ಕಾಲಿಗೆ ಚಕ್ರ ಕಟ್ಟಿ ಕಳಿಸಿದ್ದಾರೆ" ಎಂದು ಗಂಡ ರೇವಣಸಿದ್ದಯ್ಯನವರು ಮದುವೆಯಾದ ಹೊಸದರಲ್ಲಿ ತಮಾಷೆ ಮಾಡುತ್ತಿದ್ದರು. ಈಗ ತಮಾಷೆ ಬಿಟ್ಟು ಪೇಪರ್ ಓದುತ್ತಾರೆ.

ಹಾಗಂತ ಆ ಓಡಾಟ ದಂಡಕ್ಕಲ್ಲ. ಆ ಮನೆ ನೆಂಟರಿಲ್ಲದೆ ಇದ್ದ ದಿನಗಳೇ ಕಡಿಮೆ. ಊರ ಕಡೆಯವರಿಗೆ ಬೆಂಗಳೂರಿನಲ್ಲಿ ಆಸ್ಪತ್ರೆ ಕೆಲಸವಿರಲಿ, ಕಾಲೇಜು ಸೀಟಿರಲಿ, ವರ್ಗಾವಣೆಯ ಓಡಾಟವಿರಲಿ, ಮೊದಲು ನೆನಪಾಗುವುದು ಸಿದ್ದಯ್ಯನವರ ಮನೆ. ಬಂದವರು ಉಂಡರೆ ಸಾಲದು. ಸಾಕು ಸಾಕು ಎಂದು ಎರಡೂ ಕೈ ತಟ್ಟೆಗೆ ಅಡ್ಡ ಹಿಡಿಯಬೇಕು, ಆ ಕೈಗಳ ಸಂದಿಯಲ್ಲೇ ನೀಲಗಂಗಮ್ಮ ಇನ್ನೊಂದು ಸೌಟು ಸುರಿಯಬೇಕು. ಆಗಲೇ ಅವರಿಗೆ ಸಮಾಧಾನ. ಮನೆಗೆ ಬಂದ ಜೀವ ಉಣ್ಣುವ ತನಕ ಮನೆಯೊಡತಿ ತುತ್ತು ಮುಟ್ಟಬಾರದು ಎಂದು ಅವರ ಅತ್ತೆ ಕಲಿಸಿಕೊಟ್ಟಿದ್ದರು. ದಿನವೂ ಎರಡು ಹೊತ್ತು ಮಾಡುವ ಲಿಂಗಪೂಜೆಯಷ್ಟೇ ಕಟ್ಟುನಿಟ್ಟಾಗಿ ಅದನ್ನೂ ನಡೆಸಿಕೊಂಡು ಬಂದವರು.

ಇಂಥವರ ಒಬ್ಬಳೇ ಮಗಳು ಶರಣ್ಯಾ ಕಾಲೇಜಿನ ಗೆಳೆಯ ಜೀವನ್‌ನನ್ನು ಮದುವೆಯಾದಳು. ಹುಡುಗ ಒಳ್ಳೆಯವನು, ಲಿಫ್ಟ್ ರಿಪೇರಿ ಮಾಡುವ ಕಂಪನಿಯಲ್ಲಿ ಸೂಪರ್‌ವೈಸರ್. ಆದರೆ ಕನಕಪುರದ ಕಡೆಯ ಮನೆತನ, ಭಾನುವಾರ ಬಂತೆಂದರೆ ಮಾಂಸದಡುಗೆ. ನೀಲಗಂಗಮ್ಮ ಕೆಲವು ತಿಂಗಳು ಮಗಳ ಜೊತೆ ಮಾತು ಬಿಟ್ಟರು, ಆಮೇಲೆ ತಾವೇ ಫೋನು ಮಾಡಿ ಅತ್ತರು. ಒಂದೇ ಒಂದು ಮಾತು ತೆಗೆದುಕೊಂಡರು: "ನಿಮ್ಮ ಮನೇಲಿ ಏನಾದ್ರೂ ಮಾಡ್ಕೊಳ್ಳಿ. ನನ್ನ ಮನೆಗೆ ಮಾತ್ರ ಅದು ಬರಬಾರದು." ಅಳಿಯ "ಆಯ್ತು ಅತ್ತೆ" ಎಂದ. ಅವನು ಎಲ್ಲದಕ್ಕೂ ಹಾಗೇ ಅನ್ನುವವನು. ನಾಲ್ಕು ವರ್ಷದಲ್ಲಿ ಹಬ್ಬಕ್ಕೆ ಬಂದಾಗ, ಹುಟ್ಟುಹಬ್ಬಕ್ಕೆ ಬಂದಾಗ, ಹಾಕಿದ್ದನ್ನು ಉಂಡು, ತಟ್ಟೆ ತೊಳೆದಿಟ್ಟು, ಕೈ ಒರೆಸಿಕೊಂಡು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ. ಕರೆದರೆ ಎದ್ದು ಹೊರಡುವುದಕ್ಕೆ ತಯಾರಾದವನ ಹಾಗೆ ಕೂರುತ್ತಿದ್ದ. ಅಂಥ ಅಳಿಯ ಯಾರಿಗುಂಟು ಎಂದು ನೀಲಗಂಗಮ್ಮ ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದರು.

ಶರಣ್ಯಾ ಬಸುರಿಯಾದಳು. ಏಳನೇ ತಿಂಗಳಿಗೆ ಬಿ.ಪಿ. ಸ್ವಲ್ಪ ಏರಿ, ಮೆಟ್ಟಿಲು ಹತ್ತಿಳಿಯುವುದು ಬೇಡ ಎಂದರು ಡಾಕ್ಟರಮ್ಮ. ಕೆಂಗೇರಿಯಲ್ಲಿ ಅವರದು ಮೂರನೇ ಮಹಡಿ. ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುವವನ ಮನೆಗೇ ಲಿಫ್ಟಿಲ್ಲ. ನೀಲಗಂಗಮ್ಮ ಅದೇ ಹೊತ್ತಿಗೆ ಕಾದಿದ್ದವರಂತೆ ಹೋಗಿ ನಿಂತರು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಬಾಣಂತನ ತಮ್ಮ ಕೈಯಿಂದಲೇ ಆಗಬೇಕು, ಅಳಿಯನೂ ಬಂದು ಜೊತೆಗಿರಬೇಕು. ಮಾತು ಬಿಟ್ಟ ತಿಂಗಳುಗಳದ್ದೆಲ್ಲ ಈ ಬಾಣಂತನದಲ್ಲಿ ತೀರಿಹೋಗಲಿ ಎಂಬ ಆಸೆ ಅವರಿಗೆ ಎಷ್ಟಿತ್ತೆಂದರೆ, ಮೆಂತ್ಯ, ಅಂಟು, ಒಣಕೊಬ್ಬರಿ ಆಗಲೇ ಡಬ್ಬಿ ಸೇರಿದ್ದವು.

ಜೀವನ್ "ಆಯ್ತು ಅತ್ತೆ" ಎಂದ. ಆಮೇಲೆ ಮೆಲ್ಲಗೆ, "ಒಂದು ಮೀನಿದೆ. ಮೊನ್ನೆ ತಾನೇ ತಂದಿದ್ದು. ಅದನ್ನೂ ತರಲಾ?" ಎಂದು ಕೇಳಿದ.

"ಅಯ್ಯೋ, ತನ್ನಿ. ಅದೇನು ಜಾಗ ತಿನ್ನುತ್ತಾ?" ಎಂದರು ನೀಲಗಂಗಮ್ಮ. ಬಣ್ಣದ ಮೀನು, ಗಾಜಿನ ಡಬ್ಬಿ, ಅಷ್ಟೇ ತಾನೇ ಎಂದುಕೊಂಡಿದ್ದರು.

ಸೋಮವಾರ ಗಾಜಿನ ತೊಟ್ಟಿ ಬಂತು. ಅದನ್ನು ಹಿಂದಿನ ರೂಮಿನ ಮೂಲೆಯಲ್ಲಿಡೋಣ ಎಂದ ಜೀವನ್. ಬಂದವರನ್ನು ಹಿಂದಿನ ರೂಮಿನಲ್ಲಿ ಕೂರಿಸುವುದು ನೀಲಗಂಗಮ್ಮನವರ ಜಾಯಮಾನವಲ್ಲ. ಹಾಲಿನಲ್ಲೇ, ಟಿ.ವಿ. ಪಕ್ಕ, ಬಾಗಿಲಿಗೆ ಎದುರಾಗಿ, ಬಂದವರ ಕಣ್ಣಿಗೆಲ್ಲ ಬೀಳುವ ಹಾಗೆ ಇಡಿಸಿದರು. ಅವನು ಆಯ್ತು ಅತ್ತೆ ಎಂದು ಅಲ್ಲೇ ಇಟ್ಟ. ನೀರು ತುಂಬಿ, ಒಂದು ಮರದ ಬೇರು, ನಾಲ್ಕಾರು ಗಿಡ ಇಳಿಸಿ, ಸಂಜೆಗೆ ಮೀನು ಬಿಟ್ಟ. ಬಿಟ್ಟದ್ದೇ ತಡ, ಅದು ಬೇರಿನ ಹಿಂದೆ ಹೋಗಿ ತಲೆ ಕೆಳಗೆ ಮಾಡಿ ನಿಂತುಬಿಟ್ಟಿತು. ಅಂಗೈಯಷ್ಟು ಅಗಲ, ಕಂದು ಬಣ್ಣ, ಮೈತುಂಬ ಚುಕ್ಕೆ. ಒಣಗಿ ಬಿದ್ದ ಹಲಸಿನೆಲೆ ಎಂದೇ ಹೇಳಬೇಕು.

"ಲೆಪರ್ಡ್ ಫಿಶ್ ಅಂತಾರೆ ಅತ್ತೆ. ಬೇಟೆ ಆಡೋ ಜಾತಿ. ಹೀಗೇ ಎಲೆ ಥರ ನಿಂತಿರುತ್ತೆ. ಹುಳನೋ ಸಣ್ಣ ಮೀನೋ ಹತ್ರ ಬಂದ್ರೆ ಬಾಯಿ ಇಷ್ಟಗಲ ತೆಗ್ದು ಎಳ್ಕೊಂಡ್ಬಿಡುತ್ತೆ. ಆದ್ರೆ ವಿಪರೀತ ನಾಚ್ಕೆ."

"ಬೇಟೆ ಆಡೋನಿಗೆ ನಾಚಿಕೆ ಎಂಥದು?"

"ಎಲ್ಲರ ಕಣ್ಣಿಗೂ ಬಿದ್ರೆ ಬೇಟೆ ಎಲ್ಲಿ ಸಿಗುತ್ತೆ ಅತ್ತೆ" ಎಂದು ಜೀವನ್ ನಕ್ಕ. ಮೀನಿನ ವಿಷಯಕ್ಕೆ ಬಂದರೆ ಅವನಿಗೂ ನಾಲ್ಕು ಮಾತು ಇದ್ದವು. ಗೋಡೆಯ ಕಡೆಯೊಂದು ಬಿಟ್ಟು ತೊಟ್ಟಿಯ ಮೂರು ಕಡೆ ಖಾಕಿ ಕಾಗದ ಅಂಟಿಸುತ್ತ ಹೇಳಿದ: "ಎರಡು ದಿನ ಲೈಟ್ ಹಾಕ್ಬೇಡಿ. ಮುಂದೆ ನಿಂತ್ಕೋಬೇಡಿ, ಗಾಜು ತಟ್ಬೇಡಿ. ಊಟನೂ ಈಗ್ಲೇ ಬೇಡ. ಬುಧವಾರ ನಾನೇ ಹಾಕ್ತೀನಿ. ಸುಮ್ನೆ ಬಿಟ್ರೆ ಅದರ ಪಾಡಿಗೆ ಅದೇ ಒಗ್ಗಿಕೊಳ್ಳುತ್ತೆ."

ಮಿಕ್ಕಿದ್ದೆಲ್ಲ ನೀಲಗಂಗಮ್ಮನವರ ಒಂದು ಕಿವಿಯಲ್ಲಿ ಹೋಗಿ ಇನ್ನೊಂದರಲ್ಲಿ ಬಂತು. ಬುಧವಾರದ ತನಕ ಊಟ ಬೇಡ ಎಂಬ ಮಾತು ಮಾತ್ರ ಎದೆಯಲ್ಲಿ ನಾಟಿಕೊಂಡಿತು.

ಅದರ ಊಟ ಏನೆಂಬುದೂ ಆಗಲೇ ತಿಳಿಯಿತು. ಕೆಂಪು ಹುಳಗಳನ್ನು ಮಂಜುಗಟ್ಟಿಸಿ, ಮಾತ್ರೆಯ ಹಾಗೆ ಹಾಳೆಯಲ್ಲಿ ಬಿಲ್ಲೆ ಬಿಲ್ಲೆಯಾಗಿ ಮಾರುತ್ತಾರಂತೆ. ಜೀವನ್ ಅದನ್ನು ಫ್ರಿಡ್ಜಿನ ಹತ್ತಿರವೂ ತರಲಿಲ್ಲ. ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಐಸ್ ತುಂಬಿಸಿ, ಹೊರಗೆ ಮೆಟ್ಟಿಲ ಕೆಳಗೆ, ಸ್ಕೂಟರಿನ ಹಿಂದೆ ಇಟ್ಟ. ಯಾರೂ ಹೇಳದೆಯೇ ಇಟ್ಟ. ದಿನಾ ಡ್ಯೂಟಿಯಿಂದ ಬರುವಾಗ ಐಸ್ ಕೊಂಡು ತರುತ್ತಿದ್ದ. ಎಷ್ಟು ತಿಳಿವಳಿಕೆಯ ಹುಡುಗ ಎಂದು ನೀಲಗಂಗಮ್ಮನವರಿಗೆ ಹೆಮ್ಮೆಯಾಯಿತು.

ಮಂಗಳವಾರ ಅವನು ಕೆಲಸಕ್ಕೆ ಹೋದ ಮೇಲೆ ಅವರಿಗೆ ತಡೆಯಲಾಗಲಿಲ್ಲ. ಖಾಕಿ ಕಾಗದ ಸುತ್ತಿದ ತೊಟ್ಟಿ ಹಾಲಿನಲ್ಲಿ ಬಿಚ್ಚದ ಪಾರ್ಸೆಲ್ಲಿನ ಹಾಗೆ ಕೂತಿತ್ತು. ಮೊದಲು ಒಂದು ಮೂಲೆ ಸರಿಸಿ ಇಣುಕಿದರು. ಆಮೇಲೆ ಒಂದು ಪಕ್ಕ ಪೂರ್ತಿ ಕಿತ್ತರು. ಬಂದವನನ್ನು ಕತ್ತಲಲ್ಲಿ ಕೂರಿಸುವುದು ಎಲ್ಲಾದರೂ ಉಂಟೇ ಎಂದು ಟ್ಯೂಬ್‌ಲೈಟನ್ನೂ ಹಾಕಿದರು. ಮೀನು ಬೇರಿಗೆ ಇನ್ನಷ್ಟು ಒತ್ತಿಕೊಂಡಿತು.

"ಯಾಕಪ್ಪ, ಯಾರೂ ಏನೂ ಮಾಡಲ್ಲ ಕಣೋ. ನಿಮ್ಮನೆ ಅಂತ ತಿಳ್ಕೋ" ಎಂದು ಗಾಜಿಗೆ ಮುಖ ಹತ್ತಿಸಿ ಮಾತಾಡಿಸಿದರು. ಹೆಸರಿಲ್ಲದೆ ಕರೆಯುವುದು ಹೇಗೆ? ಚುಕ್ಕಪ್ಪ ಎಂದು ಹೆಸರಿಟ್ಟರು. ಕಸ ಗುಡಿಸುವಾಗೊಮ್ಮೆ ಚುಕ್ಕಪ್ಪ, ಬಟ್ಟೆ ಮಡಿಸುವಾಗೊಮ್ಮೆ ಚುಕ್ಕಪ್ಪ. ಒಗ್ಗರಣೆ ಚಟಗುಟ್ಟುವ ಹೊತ್ತಿಗೂ ಸೌಟು ಹಿಡಿದೇ ಬಂದು ಇಣುಕಿದರು. ಪಕ್ಕದ ಮನೆಯ ಕೋಕಿಲಾ ಕರಿಬೇವು ಕೇಳಲು ಬಂದವರು ಫೋನು ತೆಗೆದು ಫೋಟೋ ಹೊಡೆದರು. ಫ್ಲ್ಯಾಶ್ ಬಿದ್ದದ್ದೇ ಆ ಒಣಗಿದೆಲೆ ಬಾಣದಂತೆ ನೆಗೆದು ಮೇಲಿನ ಮುಚ್ಚಳಕ್ಕೆ ತಲೆ ಚಚ್ಚಿಕೊಂಡು, ನೀರೆಲ್ಲ ಕಲಕಿ, ಮತ್ತೆ ಬೇರಿನ ಹಿಂದೆ ಹೋಗಿ ಬಿತ್ತು.

"ಅಮ್ಮಾ, ಅವನು ಏನು ಹೇಳಿದ್ದ, ನೀನು ಏನು ಮಾಡ್ತಾ ಇದೀಯ?" ಎಂದಳು ಶರಣ್ಯಾ, ದಿವಾನದ ಮೇಲೆ ಮಲಗಿದ್ದಲ್ಲಿಂದ.

"ಗಂಡನ್ನ ಅವನು ಅಂತಾರೇನೇ?" ಎಂದು ನೀಲಗಂಗಮ್ಮ ಮಾತು ತಿರುಗಿಸಿದರು.

ಬುಧವಾರ ಬೆಳಿಗ್ಗೆ ಜೀವನ್ ಹುಳದ ಬಿಲ್ಲೆ ಕರಗಿಸಿ ಹಾಕಿದ. ಮೀನು ಅಲುಗಲಿಲ್ಲ. ಅವನು ಸ್ವಲ್ಪ ಹೊತ್ತು ದೂರದಲ್ಲಿ ನಿಂತು ನೋಡಿ, ಉಳಿದದ್ದನ್ನು ಸಣ್ಣ ಬಲೆಯಲ್ಲಿ ಎತ್ತಿ ಬಿಸಾಡಿ ಕೆಲಸಕ್ಕೆ ಹೋದ. ಅವನ ಮುಖ ಸಣ್ಣದಾಗಿತ್ತು. ಅದನ್ನು ನೋಡಿದ ಮೇಲೆ ನೀಲಗಂಗಮ್ಮನವರಿಗೆ ಕೈಕಾಲು ಆಡದಾಯಿತು, ಎಂದರೆ ಮಾಮೂಲಿಗಿಂತ ಜಾಸ್ತಿ ಆಡತೊಡಗಿತು. ತಟ್ಟೆಗೆ ಅನ್ನ ಹಾಕಿಕೊಂಡವರು ಹಾಗೇ ಮುಚ್ಚಿಟ್ಟರು. ಮನೆಗೆ ಬಂದ ಜೀವ ಮೂರನೇ ದಿನವೂ ಉಪವಾಸವಿರುವಾಗ ತುತ್ತು ಇಳಿಯುವುದಾದರೂ ಹೇಗೆ? ಒಂದು ಲೋಟ ಹಾಲು ಕುಡಿದು ಎದ್ದರು.

ಮಧ್ಯಾಹ್ನ ಮನೆ ಮಲಗಿದಾಗ ಅವರಿಗೊಂದು ಯೋಚನೆ ಹೊಳೆಯಿತು. ಹುಳ ಹೇಗಿತ್ತು? ಸಣ್ಣಗೆ, ಉದ್ದಕ್ಕೆ, ಮೆತ್ತಗೆ. ಪಾಯಸಕ್ಕೆಂದು ತಂದ ಶಾವಿಗೆಯೂ ಹಾಗೇ ಇರುತ್ತದಲ್ಲ! ಉಪ್ಪಿಲ್ಲದೆ, ಎಣ್ಣೆಯಿಲ್ಲದೆ, ಒಂದು ಹಿಡಿ ಶಾವಿಗೆ ಬೇಯಿಸಿದರು. ಬಸಿದು, ಆರಿಸಿ, ಚಾಕುವಿನಲ್ಲಿ ಸಣ್ಣಗೆ ಕತ್ತರಿಸಿದರು. ಬಣ್ಣ ಬಿಳಿಯಾಯಿತಲ್ಲ ಎಂದು ಒಂದು ತುಂಡು ಬೀಟ್ರೂಟ್ ಹಿಂಡಿ ಕೆಂಪು ಮಾಡಿದರು. ಜೀವನ್ ಮನೆಯಲ್ಲಿದ್ದರೆ ಕೇಳಬಹುದಿತ್ತು. ಕೇಳಿದ್ದರೆ ಬೇಡ ಅನ್ನುತ್ತಿದ್ದ. ಪ್ರಾಣಿಹಿಂಸೆಯೂ ತಪ್ಪಿತು, ಹೊಟ್ಟೆಯೂ ತುಂಬಿತು, ಮೆಟ್ಟಿಲ ಕೆಳಗಿನ ಪೆಟ್ಟಿಗೆಯ ಕಾಟವೂ ತೀರಿತು ಎಂದು ಒಳಗೊಳಗೇ ಹಿಗ್ಗುತ್ತ ತೊಟ್ಟಿಗೆ ಹಾಕಿದರು. ಸ್ವಲ್ಪ ಹಾಕಿದರು. ತಿನ್ನಲಿಲ್ಲ. ಇನ್ನೊಂದು ಸ್ವಲ್ಪ ಹಾಕಿದರು. ಕಾಣಿಸಲಿಲ್ಲವೇನೋ ಎಂದು ಬೇರಿನ ಪಕ್ಕಕ್ಕೇ ಸೌಟಿನಲ್ಲಿ ಇಳಿಸಿದರು. ಕೈ ರೂಢಿ ಬಿಡಲಿಲ್ಲ, ಪಾತ್ರೆ ಖಾಲಿಯಾಯಿತು.

ಸಂಜೆ ಜೀವನ್ ಬಂದಾಗ ತೊಟ್ಟಿಯ ನೀರು ರಾಗಿ ಗಂಜಿಯ ಹಾಗಾಗಿತ್ತು. ಬೀಟ್ರೂಟಿನ ಕೆಂಪು, ಶಾವಿಗೆಯ ಲೋಳೆ, ಮಧ್ಯದಲ್ಲೆಲ್ಲೋ ಮೀನು. ಅದು ನೀರಿನ ಮೇಲ್ಗಡೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು.

"ಇದೇನು?" ಎಂದು ಕೇಳಿದ.

"ಶಾವಿಗೆ" ಎಂದರು ನೀಲಗಂಗಮ್ಮ. ಅವರ ಧ್ವನಿ ಅವರಿಗೇ ಕೇಳಿಸಲಿಲ್ಲ.

ಅವನು ಪ್ಯಾಂಟು ಮಡಚಿ, ಪೈಪು ಇಳಿಸಿ, ಬಕೆಟ್ ಬಕೆಟ್ ನೀರು ತೆಗೆದು ಹಿತ್ತಲಿಗೆ ಚೆಲ್ಲಿ, ಹೊಸ ನೀರು ಹೊತ್ತು ತಂದು ನಿಧಾನಕ್ಕೆ ತುಂಬಿದ. ನೀಲಗಂಗಮ್ಮ ಬಕೆಟ್ ಹಿಡಿಯಲು ಹೋದರೆ "ಪರವಾಗಿಲ್ಲ ಅತ್ತೆ" ಎಂದ, ಒರೆಸುವ ಬಟ್ಟೆ ತಂದರೆ "ಪರವಾಗಿಲ್ಲ ಅತ್ತೆ" ಎಂದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈಯುವವರ ಜೊತೆ ಜಗಳವಾಡಬಹುದು, ಆಮೇಲೆ ಊಟಕ್ಕೆ ಕರೆಯಬಹುದು. ಈ ಪರವಾಗಿಲ್ಲವನ್ನು ಎಲ್ಲಿ ಹಿಡಿಯುವುದು?

ಗುರುವಾರ ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆಯ ಮುಂದೆ ಕೂತು, ತಲೆಯೆತ್ತದೆ ಅವನು ಹೇಳಿದ: "ಅತ್ತೆ, ಭಾನುವಾರ ಅದನ್ನ ವಾಪಸ್ ಕೆಂಗೇರಿಗೆ ತಗೊಂಡ್ಹೋಗ್ತೀನಿ. ಅದಕ್ಕೆ ಇಲ್ಲಿ ಒಗ್ತಾ ಇಲ್ಲ. ನಾನೂ ಅಲ್ಲೇ ಇದ್ದು ಬಂದು ಹೋಗಿ ಮಾಡ್ತೀನಿ."

"ಹಾಗಾದ್ರೆ ನಾನೂ ಬರ್ತೀನಿ" ಎಂದಳು ಶರಣ್ಯಾ.

"ಮೂರು ಮಹಡಿ ಕಣೇ!"

"ಒಂದ್ಸಲ ಹತ್ತಿದ್ರೆ ಇಳಿಯಲ್ಲ, ಅಷ್ಟೇ ತಾನೇ. ಅವನು ಅಲ್ಲಿ, ನಾನಿಲ್ಲಿ ಆಗಲ್ಲಮ್ಮ. ಹೆರಿಗೆ ಹೊತ್ತಲ್ಲಿ ನೀನೇ ಅಲ್ಲಿಗೆ ಬಾ."

ನೀಲಗಂಗಮ್ಮನವರಿಗೆ ಡಬ್ಬಿಯಲ್ಲಿ ಕೂತ ಮೆಂತ್ಯ, ಅಂಟು, ಕೊಬ್ಬರಿ ಎಲ್ಲ ಕಣ್ಣ ಮುಂದೆ ಬಂದವು. ಆ ಒಣಗಿದೆಲೆಯಂಥ ಮೀನು ಭಾನುವಾರದೊಳಗೆ ಬಾಯಿ ತೆರೆಯದಿದ್ದರೆ ಮಗಳು ಹೋಗುತ್ತಾಳೆ. ಅಳಿಯ ತನ್ನ ಬಾಯಿಂದ ಬೇಸರ ಅನ್ನುವುದಿಲ್ಲ, ಮೀನಿನ ಹೆಸರಲ್ಲಿ ಹೊರಡುತ್ತಾನೆ. ಮತ್ತೆ ಹಬ್ಬಕ್ಕೊಮ್ಮೆ ಬಂದು ಬಾಗಿಲ ಪಕ್ಕ ಕೂರುವ ನೆಂಟರಾಗುತ್ತಾರೆ ಇಬ್ಬರೂ. ಅವರಿಗೆ ಮೀನಿನ ಮೇಲೆ ಸಿಟ್ಟು ಬಂತು. ಆಮೇಲೆ ಹೆದರಿಕೆಯಾಯಿತು. ಆಮೇಲೆ ಎರಡೂ ಸೇರಿ, ಹಾಲಿಗೂ ಅಡುಗೆಮನೆಗೂ ನಡುವೆ ಎಷ್ಟು ಸಲ ತಿರುಗಿದರೋ ಲೆಕ್ಕವಿಲ್ಲ.

"ನೀನು ಹೀಗೆ ಮುಂದೆ ಮುಂದೆ ಸುಳಿದಾಡಿದ್ರೆ, ಮೀನಿರಲಿ, ನಾನೇ ಊಟ ಬಿಡ್ತಿದ್ದೆ" ಎಂದರು ರೇವಣಸಿದ್ದಯ್ಯನವರು, ಪೇಪರಿನ ಹಿಂದಿನಿಂದ.

"ನಿಮಗೇನು, ಕೂತಲ್ಲೇ ಮಾತು."

"ಅದೇ ಹೇಳ್ತಾ ಇರೋದು. ನೀನೂ ಒಂದ್ಸಲ ಕೂತು ನೋಡು."

ಆ ಮಾತಿಗೆ ಅವರು ಮೂಗು ಮುರಿದರು. ಶುಕ್ರವಾರವೂ ಮೀನು ಉಣ್ಣಲಿಲ್ಲ. ಅದರ ಹೊಟ್ಟೆ ಒಳಸೇರಿ, ಬೆನ್ನಿನ ಮೇಲೆ ಗೆರೆ ಎದ್ದಿತ್ತು. ನೀಲಗಂಗಮ್ಮನವರದೂ ಹಾಲು, ಬಾಳೆಹಣ್ಣು. ಸಂಜೆ ಪೂಜೆಗೆ ಕೂತಾಗ ಕಣ್ಣು ಕತ್ತಲಿಟ್ಟು, ಎಡಗೈಯ ಲಿಂಗವನ್ನು ಬಲಗೈಯಿಂದ ಭದ್ರ ಹಿಡಿದುಕೊಂಡರು. ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಮನೆಯಲ್ಲಿ ರಂಪವಾಗುತ್ತಿತ್ತು.

ಶನಿವಾರ ಎದ್ದವರು ಬೇರೆಯೇ ಮನುಷ್ಯರಾಗಿದ್ದರು. ಕಿತ್ತ ಖಾಕಿ ಕಾಗದವನ್ನು ಹುಡುಕಿ ತಾವೇ ಮತ್ತೆ ಅಂಟಿಸಿದರು, ಮೂರು ಕಡೆಯಲ್ಲ, ನಾಲ್ಕೂ ಕಡೆ. ಹಾಲಿನ ಕಿಟಕಿಗೂ ಅಡುಗೆಮನೆಯ ಬಾಗಿಲಿಗೂ ಪರದೆ ಎಳೆದರು. ಟಿ.ವಿ. ಪ್ಲಗ್ ಕಿತ್ತರು. ಕೋಕಿಲಾ ಬಂದಾಗ ಬಾಗಿಲಲ್ಲೇ ನಿಲ್ಲಿಸಿ, "ಇವತ್ತು ನಮ್ಮ ಹಾಲ್ ಬಂದ್ ಕಣ್ರೀ" ಎಂದು ಕರಿಬೇವು ಕೈಗಿಟ್ಟು ಕಳಿಸಿದರು. ರೇವಣಸಿದ್ದಯ್ಯನವರ ಪೇಪರ್ ಮಹಡಿಗೆ ವರ್ಗವಾಯಿತು. ಶರಣ್ಯಾ ಹಿಂದಿನ ರೂಮಿಗೆ ಹೋದಳು. ಅಷ್ಟೆಲ್ಲ ಆದ ಮೇಲೆ ಹಾಲಿಗೆ ಹೋಗಬಾರದವರು ಒಬ್ಬರೇ ಉಳಿದರು, ನೀಲಗಂಗಮ್ಮ.

ಆ ದಿನ ಅವರು ಪಟ್ಟ ಪಾಡು ಶತ್ರುವಿಗೂ ಬೇಡ. ಕಾಲು ತಾನಾಗಿ ಪರದೆಯತ್ತ ಎಳೆಯುತ್ತಿತ್ತು. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ಒರೆಸಿ ಏರಿಸಿದರು. ಮನೆಯಲ್ಲಿದ್ದರೆ ಆಗುವುದಿಲ್ಲ ಎಂದು ಅನ್ನಪೂರ್ಣೇಶ್ವರಿ ನಗರದ ಚಿಕ್ಕಮ್ಮನ ಮನೆಗೆ ಆಟೋದಲ್ಲಿ ಹೋದರು. ಅವರು ಕಾಫಿಗೆ ನೀರಿಡುವ ಮೊದಲೇ "ಒಲೆ ಮೇಲೆ ಹಾಲಿಟ್ಟು ಬಂದಿದೀನಿ" ಎಂದು ಸುಳ್ಳು ಹೇಳಿ ಅದೇ ಆಟೋದಲ್ಲಿ ವಾಪಸ್ ಬಂದರು. ಬಂದು ಪರದೆಯ ಹೊರಗೆ ನಿಂತು ಕಿವಿಗೊಟ್ಟರು. ತೊಟ್ಟಿಗೆ ಗಾಳಿಯೂದುವ ಯಂತ್ರದ ಗುಳುಗುಳು ಬಿಟ್ಟರೆ ಏನೂ ಇಲ್ಲ.

ಸಾಯಂಕಾಲ ಜೀವನ್ ಫೋನು ಮಾಡಿದ. ರಾಜಾಜಿನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ಕೆಟ್ಟಿದೆ, ಬರುವುದು ಸ್ವಲ್ಪ ತಡವಾಗುತ್ತದೆ. "ಕತ್ತಲಾಗೋ ಹೊತ್ತಲ್ಲೇ ಅದು ತಿನ್ನೋದು. ಇವತ್ತು ಬೇಡ ಬಿಡು, ನಾಳೆ ಹೇಗೂ ತಗೊಂಡ್ಹೋಗ್ತೀನಲ್ಲ" ಎಂದು ಶರಣ್ಯಾಳಿಗೆ ಹೇಳುತ್ತಿದ್ದುದು ಸ್ಪೀಕರಿನಲ್ಲಿ ಕೇಳಿಸಿತು.

"ನಾನು ಹಾಕ್ತೀನಿ" ಎಂದರು ನೀಲಗಂಗಮ್ಮ.

"ಅತ್ತೆ, ಅದು ಹುಳ."

"ಗೊತ್ತು. ಎಷ್ಟು ಹಾಕ್ಬೇಕು ಹೇಳಿ."

"ಒಂದೇ ಒಂದು ಬಿಲ್ಲೆ. ಜಾಸ್ತಿ ಬೇಡ."

"ಒಂದೇ. ಆಯ್ತು. ಬರುವಾಗ ಮುಂದಿನ ಬಾಗಿಲಲ್ಲಿ ಬರಬೇಡಿ, ಹಿತ್ತಲ ಕಡೆಯಿಂದ ಬನ್ನಿ."

ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ರವಿಕೆಯೊಳಕ್ಕೆ ಸೇರಿಸಿ, ಸೆರಗು ಬಿಗಿದು, ಮೆಟ್ಟಿಲ ಕೆಳಗೆ ಹೋದರು. ಐಸ್ ಅರ್ಧ ಕರಗಿತ್ತು. ಬಿಲ್ಲೆ ತೆಗೆಯುವಾಗ ಒಂದು ಸಲ ಬಾಯಿಗೆ ಸೆರಗು ಒತ್ತಿ ನಿಂತರು. ಅರವತ್ತು ವರ್ಷ ಈ ಕೈ ಮುಟ್ಟದ್ದನ್ನು ಮುಟ್ಟುತ್ತಿದ್ದೇನೆ ಎಂದು ಸಂಕಟವಾಯಿತು. ಒಳಗೆ ಮಲಗಿರುವ ಮಗಳನ್ನು ನೆನೆದರು. ಬಿಲ್ಲೆಯನ್ನು ಪ್ಲಾಸ್ಟಿಕ್ ಲೋಟಕ್ಕೆ ಹಾಕಿ, ಕರಗಿಸಿ, ಮಬ್ಬುಗತ್ತಲ ಹಾಲಿಗೆ ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ, ಮುಚ್ಚಳ ಸರಿಸಿ ಸುರಿದು, ನೋಡದೆ ಹಿಂದಿರುಗಿದರು. ನೋಡದೆ ಹಿಂದಿರುಗುವುದಿದೆಯಲ್ಲ, ಹುಳ ಮುಟ್ಟುವುದಕ್ಕಿಂತ ಅದೇ ಕಷ್ಟವಾಯಿತು. ಕೈಯನ್ನು ಸೋಪು ಹಾಕಿ ಮೊಣಕೈವರೆಗೆ ತೊಳೆದು, ಅಡುಗೆಮನೆಯ ದೀಪವನ್ನೂ ಆರಿಸಿ, ಗೋಡೆಗೆ ಒರಗಿ ನೆಲದ ಮೇಲೆ ಕೂತರು. ಎದ್ದೋಡದಂತೆ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡರು.

ಜೀವನ್ ಹಿತ್ತಲ ಬಾಗಿಲಲ್ಲಿ ಬಂದವನು ಅತ್ತೆ ನೆಲದ ಮೇಲೆ ಕೂತದ್ದನ್ನು ಕಂಡು ಗಾಬರಿಯಾದ. "ಏನಾಯ್ತು? ಹುಷಾರಿಲ್ವಾ?"

"ಶ್. ಹಾಕಿದೀನಿ. ಕೂತ್ಕೊಳ್ಳಿ" ಎಂದು ಪಿಸುಗುಟ್ಟಿದರು.

ಅವನು ಎದುರು ಗೋಡೆಗೆ ಒರಗಿ ಕೂತ. ನಡುವೆ ರೊಟ್ಟಿಯ ಡಬ್ಬಿ, ಬದನೆಕಾಯಿ ಪಲ್ಯದ ಬಾಣಲೆ, ಒಂದು ತಟ್ಟೆ. ಬೇರೆ ದಿನವಾಗಿದ್ದರೆ ಅವನು ಚಪ್ಪಲಿ ಬಿಡುವಷ್ಟರಲ್ಲಿ ತಟ್ಟೆ ತುಂಬಿರುತ್ತಿತ್ತು. ಈಗ ಅವರ ಜೀವವೆಲ್ಲ ಹಾಲಿನ ಕಡೆಯ ಕಿವಿಯಲ್ಲಿತ್ತು, ಬಡಿಸಬೇಕೆಂಬುದೇ ಮರೆತಿತ್ತು. ಇಬ್ಬರೂ ಕತ್ತಲಲ್ಲಿ ಕೂತರು. ಹೊರಗೆ ತರಕಾರಿ ಗಾಡಿಯವನು ಕೂಗಿಕೊಂಡು ಹೋದ.

ಹಾಲಿನಿಂದ ಪಟಕ್ಕೆಂದು ಒಂದು ಸದ್ದು ಬಂತು, ನೀರಿಗೆ ಯಾರೋ ಚಿಟಿಕೆ ಹೊಡೆದ ಹಾಗೆ. ಸ್ವಲ್ಪ ಬಿಟ್ಟು ಇನ್ನೊಂದು.

ಜೀವನ್ ಬರಿಗಾಲಲ್ಲಿ ಎದ್ದು ಹೋದ. ತೊಟ್ಟಿಯ ಕಾಗದದ ಸಂದಿಯಿಂದ ಎಷ್ಟೋ ಹೊತ್ತು ಬಗ್ಗಿ ನೋಡಿ, ವಾಪಸ್ ಬಂದು ಕೂತ. "ಆಚೆ ಬಂದಿದೆ ಅತ್ತೆ. ತಿಂತಾ ಇದೆ."

ನೀಲಗಂಗಮ್ಮ ಅರ್ಧ ಎದ್ದೇಬಿಟ್ಟರು.

"ಬೇಡ, ಕೂತ್ಕೊಳ್ಳಿ."

ಕೂತರು. ಕಣ್ಣಲ್ಲಿ ನೀರು ತುಂಬಿತು. ಕೇಳಬೇಕಾದ್ದನ್ನು ಕೇಳುವುದಕ್ಕೆ ಧೈರ್ಯ ಬರಲಿಲ್ಲ, ಅವನೇ ಹೇಳಿದ: "ನಾಳೆ ಹೋಗೋದು ಬೇಡ ಬಿಡಿ. ಈಗ ಮತ್ತೆ ಅಲ್ಲಾಡಿಸಿದ್ರೆ ಊಟ ಬಿಡುತ್ತೆ. ಹೆರಿಗೆ ಆಗೋ ತನಕ ಇಲ್ಲೇ ಇರೋಣ."

ಅವರು ಹೂಂ ಎಂದರು. ಅವನು ಹಸಿದಿದ್ದ ಎಂದು ಕಾಣುತ್ತದೆ. ತಟ್ಟೆಯನ್ನು ತಾನೇ ಎಳೆದುಕೊಂಡು, ಡಬ್ಬಿಯಿಂದ ರೊಟ್ಟಿ ತೆಗೆದು, ಪಲ್ಯ ಹಾಕಿಕೊಂಡ. ಒಂದು ತುತ್ತು ತಿಂದ. ಎರಡನೇ ತುತ್ತು ಕೈಯಲ್ಲಿ ಹಿಡಿದು ತಡೆದ.

"ಅತ್ತೆ, ಒಂಚೂರು ಉಪ್ಪು ಇದ್ಯಾ?"

ಉಪ್ಪು. ರೇವಣಸಿದ್ದಯ್ಯನವರಿಗೆ ಬಿ.ಪಿ. ಎಂದಾದ ವರ್ಷದಿಂದ ಆ ಮನೆಯ ಅಡುಗೆಗೆ ಉಪ್ಪು ಬೀಳುವುದು ಹೆಸರಿಗಷ್ಟೇ. ಮನೆಯವರ ನಾಲಗೆಗೆ ಅದು ರೂಢಿಯಾಗಿತ್ತು. ನೆಂಟರು ಬಂದರೆ ತಟ್ಟೆಯ ತುದಿಗೆ ಬೇರೆಯಾಗಿ ಬಡಿಸುತ್ತಿದ್ದರು. ಅಳಿಯನಿಗೆ ಬಡಿಸಿರಲಿಲ್ಲ, ಅವನೇನು ನೆಂಟನೇ, ಮನೆಯವನು ಎಂದುಕೊಂಡಿದ್ದರು. ಮನೆಯವನಾಗಿದ್ದರೆ ಎಂದೋ ಎದ್ದು ತೆಗೆದುಕೊಂಡಿರುತ್ತಿದ್ದ. ನಾಲ್ಕು ವರ್ಷ, ಬೇಡವೆಂದರೂ ಸೌಟು ಸೌಟು ಸುರಿದ ಆ ಸಪ್ಪೆ ಸಾರನ್ನು ಇವನು ತಲೆ ತಗ್ಗಿಸಿ ಉಂಡು, ಚೆನ್ನಾಗಿದೆ ಅತ್ತೆ ಎಂದು ತಟ್ಟೆ ತೊಳೆದಿಟ್ಟು ಹೋಗಿದ್ದ. ಇಷ್ಟು ಜನಕ್ಕೆ ಉಣ್ಣಿಸಿದ ತಮ್ಮ ಕೈಗೆ ಇದೊಂದು ತಿಳಿಯದೆ ಹೋಯಿತಲ್ಲ ಎಂದು ನೀಲಗಂಗಮ್ಮನವರಿಗೆ ತಾಳಲಾರದಷ್ಟು ನಾಚಿಕೆಯಾಯಿತು.

ಎದ್ದು ತಂದುಕೊಡಬೇಕೆಂದು ಮೈಯೆಲ್ಲ ಹೇಳುತ್ತಿತ್ತು. ಅವರು ಏಳಲಿಲ್ಲ.

"ಒಲೆ ಪಕ್ಕ, ಕೆಳಗಿನ ಸಾಲು. ನೀವೇ ತಗೊಳ್ಳಿ."

ಅವನು ಎದ್ದು ಕತ್ತಲಲ್ಲಿ ತಡಕಾಡಿ ಒಂದು ಡಬ್ಬಿ ತೆರೆದ. "ಇದಾ?"

"ಅದು ರವೆ. ಅದರಾಚೆದು."

ಉಪ್ಪಿನ ಡಬ್ಬಿ ಸಿಕ್ಕಿತು. ಅವನು ಪಲ್ಯದ ಮೇಲೆ ಉದುರಿಸಿಕೊಂಡು, ಕಲಸಿ, ತಿಂದ. ಮತ್ತೊಂದು ರೊಟ್ಟಿ ತಾನೇ ತೆಗೆದುಕೊಂಡ. ಅದು ಮುಗಿದ ಮೇಲೆ ಇನ್ನೊಂದು.

"ತುಂಬ ಹೊಟ್ಟೆ ಹಸಿದಿತ್ತು ಅತ್ತೆ" ಎಂದ.